ನಿಮಗೆ 6 ಶನಿವಾರ, ಅವರಿಗೆ 12 ವಾರಾಂತ್ಯ: ಬಾಸ್ ಟೂರ್ನಮೆಂಟ್ ಮತ್ತು ಸಂಸಾರ

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಮದುವೆಯಾಗಿ 9 ವರ್ಷ, 5 ವರ್ಷದ ಮಗಳಿದ್ದಾಳೆ. ಸಹೋದ್ಯೋಗಿಯೊಬ್ಬರು ಲೇಕ್ ಫೋರ್ಕ್‌ಗೆ ಕರೆದುಕೊಂಡು ಹೋದಾಗ ಬಾಸ್ ಮೀನು ಹಿಡಿಯುವ ಹುಚ್ಚು ಹತ್ತಿತು. ಎರಡು ವರ್ಷದಿಂದ ಟೂರ್ನಮೆಂಟ್‌ಗಳಿಗೆ ಹೋಗುತ್ತಿದ್ದೇನೆ. ಸಾಲ ಮಾಡಿ ಸೆಕೆಂಡ್‌ಹ್ಯಾಂಡ್ ಬಾಸ್ ಬೋಟ್ ತೆಗೆದುಕೊಂಡಿದ್ದೇನೆ, ತಿಂಗಳ ಕಂತು 560 ಡಾಲರ್. ಕಳೆದ ಸೀಸನ್‌ನಲ್ಲಿ ಫೆಬ್ರವರಿಯಿಂದ ಜೂನ್‌ವರೆಗೆ ಆರು ಟೂರ್ನಮೆಂಟ್, ಒಟ್ಟು ಬಹುಮಾನ 900 ಡಾಲರ್. ನನ್ನ ಲೆಕ್ಕಕ್ಕೆ ಅದು ಆರು ಶನಿವಾರ, ಅಷ್ಟೇ. ಹೆಂಡತಿ ಮಾತ್ರ, "ಐದು ತಿಂಗಳು ನೀವು ಮನೇಲೇ ಇರಲಿಲ್ಲ, ಇದ್ದಾಗಲೂ ಲೇಕ್ ಮೇಲೇ ಇದ್ರಿ" ಅನ್ನುತ್ತಾಳೆ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಮಗಳ ಡ್ಯಾನ್ಸ್ ಇದ್ದ ದಿನ ನಾನು ಸ್ಯಾಮ್ ರೇಬರ್ನ್ ಜಲಾಶಯದಲ್ಲಿದ್ದೆ. ಅಂದಿನಿಂದ ಈ ವಿಷಯ ಎತ್ತಿದರೆ ಜಗಳ. ಮುಂದಿನ ಸೀಸನ್‌ಗೆ ನೋಂದಣಿ ಶುರುವಾಗಿದೆ. ಬೋಟ್ ಮಾರಿಬಿಡಲೇ? ಇಲ್ಲ, ಎರಡನ್ನೂ ಉಳಿಸಿಕೊಳ್ಳಲು ದಾರಿ ಇದೆಯೇ?

ಉತ್ತರ: ದಾರಿ ಇದೆ. ಆದರೆ ಬೋಟ್ ಮಾರುವ ಮಾತು ಈಗಲೇ ಬೇಡ. ಮೊದಲು ಆ "ಆರು ಶನಿವಾರ"ದ ಲೆಕ್ಕ ತಿದ್ದಬೇಕು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೀವು ಸ್ಪರ್ಧೆಯ ದಿನಗಳನ್ನು ಎಣಿಸುತ್ತಿದ್ದೀರಿ, ಅವರು ನೀವು ಇಲ್ಲದ ದಿನಗಳನ್ನು ಎಣಿಸುತ್ತಿದ್ದಾರೆ.

ಒಂದು ಟೂರ್ನಮೆಂಟ್ ಬಿಡಿಸಿ ನೋಡಿ. ಹಿಂದಿನ ವಾರಾಂತ್ಯ ಶನಿವಾರ, ಭಾನುವಾರ ಪ್ರಾಕ್ಟೀಸ್. ಆ ವಾರದ ಗುರುವಾರ ರಾತ್ರಿ ಗ್ಯಾರೇಜಿನಲ್ಲಿ ರೀಲ್‌ಗಳಿಗೆ ಹೊಸ ಲೈನ್ ಸುತ್ತುವುದು, ಹುಕ್ ಬದಲಿಸುವುದು, ಟ್ರೋಲಿಂಗ್ ಮೋಟರ್ (ಬೋಟನ್ನು ನಿಧಾನಕ್ಕೆ ನಡೆಸುವ ಚಿಕ್ಕ ಮೋಟರ್) ಬ್ಯಾಟರಿ ಚಾರ್ಜಿಗೆ ಹಾಕುವುದು. ಶುಕ್ರವಾರ ರಜೆ ಹಾಕಿ ಇನ್ನೊಂದು ಪ್ರಾಕ್ಟೀಸ್, ಸಂಜೆ ನೋಂದಣಿ, ರಾತ್ರಿ ಮೋಟೆಲ್. ಶನಿವಾರ ಸ್ಪರ್ಧೆ. ಭಾನುವಾರ ಬೆಳಿಗ್ಗೆ ಹತ್ತರವರೆಗೆ ನಿದ್ದೆ, ಆಮೇಲೆ ಬೋಟ್ ತೊಳೆಯುವ ಕೆಲಸ. ಅಂದರೆ ಒಂದು ಟೂರ್ನಮೆಂಟಿಗೆ ಎರಡು ವಾರಾಂತ್ಯ, ಆರಕ್ಕೆ ಹನ್ನೆರಡು. ಫೆಬ್ರವರಿಯಿಂದ ಜೂನ್‌ವರೆಗೆ ಇರುವುದೇ 21 ಅಥವಾ 22 ವಾರಾಂತ್ಯ. ಅರ್ಧಕ್ಕಿಂತ ಹೆಚ್ಚು ಹೋಯಿತು. ಯುಗಾದಿ, ಮಗಳ ಸ್ಪ್ರಿಂಗ್ ಬ್ರೇಕ್, ಹೊರಗೆ ಹೋಗಲು ಹಿತವಾದ ಹವೆ, ಎಲ್ಲ ಬರುವುದೂ ಇದೇ ತಿಂಗಳುಗಳಲ್ಲಿ. ಇದು ಕಾಕತಾಳೀಯವಲ್ಲ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಹೊತ್ತಿಗೆ ಬಾಸ್ ಮೊಟ್ಟೆಯಿಡಲು ದಡದ ಕಡೆ ಬರುತ್ತದೆ, ದೊಡ್ಡ ಮೀನು ಸಿಗುವ ಕಾಲ ಅದು. ಆಯೋಜಕರು ಕ್ಯಾಲೆಂಡರ್ ಕಟ್ಟುವುದೇ ಅದರ ಸುತ್ತ.

ಇನ್ನು ಮನೆಗೆ ಮರಳುವ ಹೊತ್ತು. ನಮ್ಮಲ್ಲಿಗೆ ಸಲಹೆಗೆ ಬರುವ ದಂಪತಿಗಳಲ್ಲಿ ಜಗಳ ಹತ್ತಿಕೊಳ್ಳುವುದು ಬೆಳಿಗ್ಗೆ ಹೊರಡುವಾಗ ಅಲ್ಲ, ರಾತ್ರಿ ಬಂದಾಗ. "ಮೂರಕ್ಕೆ ವೇ-ಇನ್ (ಹಿಡಿದ ಮೀನಿನ ತೂಕ), ಸಂಜೆ ಬಂದ್ಬಿಡ್ತೀನಿ" ಎಂದು ಹೇಳಿ ಹೋಗಿರುತ್ತೀರಿ. ಮೂರು ಗಂಟೆಗೆ ನೀವು ಇನ್ನೂ ಮೀನಿನ ಚೀಲ ಹಿಡಿದು ಸಾಲಿನಲ್ಲಿರುತ್ತೀರಿ. ತೂಕ, ಮೀನು ಮತ್ತೆ ನೀರಿಗೆ ಬಿಡುವುದು, ಫಲಿತಾಂಶ, ನಾಲ್ಕು ಮಾತು: ನಾಲ್ಕೂವರೆ. ಬೋಟನ್ನು ಟ್ರೇಲರ್‌ಗೆ ಏರಿಸಿ, ಡ್ರೇನ್ ಪ್ಲಗ್ ತೆಗೆದು, ಲೈವ್‌ವೆಲ್ (ಮೀನನ್ನು ಜೀವಂತ ಇಡುವ ತೊಟ್ಟಿ) ಮತ್ತು ಬಿಲ್ಜ್ (ಬೋಟಿನ ತಳ) ನೀರು ಪೂರ್ತಿ ಬಸಿಯಬೇಕು. ಝೀಬ್ರಾ ಮಸಲ್ ಎಂಬ ಹಾವಳಿಯ ಚಿಪ್ಪುಜೀವಿ ಹರಡಬಾರದೆಂದು ಟೆಕ್ಸಾಸ್‌ನಲ್ಲಿ ಇದು ಕಾನೂನು, ಬಿಟ್ಟುಬರುವ ಹಾಗಿಲ್ಲ. ಪಟ್ಟಿ ಬಿಗಿದು ರಸ್ತೆಗೆ ಬರುವಾಗ ಐದೂ ಕಾಲು. ರೇಬರ್ನ್‌ನಿಂದ ಬೋಟ್ ಎಳೆದುಕೊಂಡು ನಿಮ್ಮ ಕಡೆಗೆ, ಪೆಟ್ರೋಲ್‌ಗೆ ನಿಲ್ಲಿಸುವುದೂ ಸೇರಿ, ನಾಲ್ಕು ಗಂಟೆ. ಬೋಟನ್ನು ಸ್ಟೋರೇಜ್‌ನಲ್ಲಿ ಇಟ್ಟು ಮನೆ ಬಾಗಿಲು ತಟ್ಟುವಾಗ ಒಂಬತ್ತೂ ಮುಕ್ಕಾಲು. ಅಷ್ಟರಲ್ಲಿ ಅವರು ಎರಡು ಸಲ ಊಟ ಬಿಸಿ ಮಾಡಿದ್ದಾರೆ, ಮಗಳು ಕಾದು ಮಲಗಿದ್ದಾಳೆ. ನೀವು ತಡ ಮಾಡಿಲ್ಲ, ತಪ್ಪು ಸಮಯ ಹೇಳಿದ್ದಿರಿ. "ರಾತ್ರಿ ಹತ್ತು, ಊಟಕ್ಕೆ ಕಾಯಬೇಡ" ಎಂದು ಹೇಳಿ ಒಂಬತ್ತೂ ಮುಕ್ಕಾಲಿಗೆ ಬಂದಿದ್ದರೆ ಅದೇ ರಾತ್ರಿ ಬೇರೆಯಾಗಿರುತ್ತಿತ್ತು. ಖರ್ಚಿಲ್ಲದೆ ನಾಳೆಯಿಂದಲೇ ಮಾಡಬಹುದಾದ ಬದಲಾವಣೆ ಇದೊಂದೇ.

ಹಣದ ಮಾತಿಗೆ ಬರೋಣ. ಎಲ್ಲವೂ ದೂರದ ಜಲಾಶಯ ಎಂದಿಟ್ಟುಕೊಂಡು, ಬಾಯಿಲೆಕ್ಕದಲ್ಲಿ ಒಂದು ಟೂರ್ನಮೆಂಟ್, ಹಿಂದಿನ ವಾರಾಂತ್ಯದ ಪ್ರಾಕ್ಟೀಸಿನ ಖರ್ಚು ಬಿಟ್ಟು: ಹೋಗಿಬರಲು ಸುಮಾರು 420 ಮೈಲಿ, ಬೋಟ್ ಎಳೆಯುವ ಟ್ರಕ್ ಗ್ಯಾಲನ್‌ಗೆ 10 ಮೈಲಿ ಕೊಟ್ಟರೆ ಹೆಚ್ಚು, ಅಲ್ಲಿಗೆ 125 ಡಾಲರ್. ಬೋಟಿನ ಇಂಧನ 150. ಮೋಟೆಲ್ 180. ಎಂಟ್ರಿ ಫೀ, ದೊಡ್ಡ ಮೀನಿನ ಪಂತ ಸೇರಿ 220. ಲೂರ್ (ಕೃತಕ ಎರೆ), ಐಸ್, ಊಟ 100. ಒಟ್ಟು 775. ಆರಕ್ಕೆ 4,650. ಇದರ ಮೇಲೆ ವರ್ಷದ ಕಂತು 6,720, ವಿಮೆ 700, ನಿಮ್ಮ ಬಡಾವಣೆಯ ಸಂಘ ಮನೆಮುಂದೆ ಬೋಟ್ ನಿಲ್ಲಿಸಲು ಬಿಡದಿದ್ದರೆ ಸ್ಟೋರೇಜ್ 1,200, ಆಯಿಲ್, ಇಂಪೆಲ್ಲರ್, ಟೈರು, ಬ್ಯಾಟರಿ ಅಂತ 800. ಎಲ್ಲ ಕೂಡಿದರೆ 14,070. ಗೆದ್ದ 900 ಕಳೆಯಿರಿ, 13,170. ಒಂದೊಂದು ಟೂರ್ನಮೆಂಟಿಗೆ 2,200 ಡಾಲರ್ ಹತ್ತಿರ. ನಿಮ್ಮ ಅಂಕಿಗಳು ಹೆಚ್ಚುಕಮ್ಮಿ ಇರಬಹುದು. ಕಾರ್ಡ್ ಸ್ಟೇಟ್‌ಮೆಂಟ್ ಎದುರಿಟ್ಟುಕೊಂಡು ನೀವೇ ಬರೆಯಿರಿ, ಆಮೇಲೆ ಆ ಹಾಳೆಯನ್ನು ಅವರಿಗೆ ಕೊಡಿ. ಅವರ ಮನಸ್ಸಿನಲ್ಲಿರುವ ಮೊತ್ತ ಹೆಚ್ಚಾಗಿ ಇದಕ್ಕಿಂತ ದೊಡ್ಡದೇ ಇರುತ್ತದೆ. ಗೊತ್ತಿಲ್ಲದ ಖರ್ಚು ಗೊತ್ತಿರುವ ಖರ್ಚಿಗಿಂತ ಹೆಚ್ಚು ಹೆದರಿಸುತ್ತದೆ.

"ಗೆಲ್ಲತೊಡಗಿದರೆ ಖರ್ಚು ತಾನಾಗಿ ಹುಟ್ಟುತ್ತದೆ" ಎಂಬ ನಂಬಿಕೆಯನ್ನು ಇಲ್ಲೇ ಬಿಟ್ಟುಬಿಡಿ. ಈ ಮಟ್ಟದ ಸ್ಪರ್ಧೆಗಳಲ್ಲಿ ಬಹುಮಾನದ ಹಣ ಬರುವುದು ಬಹುಪಾಲು ಸ್ಪರ್ಧಿಗಳ ಫೀಸಿನಿಂದಲೇ; ಮೇಲಿನ ಕೆಲವರಿಗೆ ಸಿಗುತ್ತದೆ, ಉಳಿದವರು ಅದನ್ನು ಕಟ್ಟುತ್ತಾರೆ. ಗೆದ್ದ ಹಣಕ್ಕೆ ಆದಾಯ ತೆರಿಗೆ ಇದೆ. ಅದು ಹವ್ಯಾಸವಾಗಿರುವಷ್ಟು ಕಾಲ ಖರ್ಚನ್ನು ಕಳೆದು ತೋರಿಸಲು ಬರುವುದಿಲ್ಲ. ಐದು ವರ್ಷದಲ್ಲಿ ಮೂರು ವರ್ಷ ಲಾಭ ತೋರಿಸಿದರೆ ಮಾತ್ರ ತೆರಿಗೆ ಇಲಾಖೆ ಅದನ್ನು ವ್ಯವಹಾರವೆಂದು ಊಹಿಸುತ್ತದೆ. ಟೆಕ್ಸಾಸ್‌ನಲ್ಲಿ ಮದುವೆಯ ನಂತರ ದುಡಿದ ಹಣದಿಂದ ಕೊಂಡದ್ದು ಸಾಮಾನ್ಯವಾಗಿ ಇಬ್ಬರ ಸೊತ್ತು ಎನ್ನುವುದನ್ನೂ ನೆನಪಿಡಿ. "ನನ್ನ ಸಂಬಳದಲ್ಲಿ ತಗೊಂಡ ನನ್ನ ಬೋಟ್" ಎನ್ನುವ ಮಾತು ಮನೆಯಲ್ಲೂ ನಿಲ್ಲುವುದಿಲ್ಲ, ಕೋರ್ಟಿನಲ್ಲೂ ನಿಲ್ಲುವುದಿಲ್ಲ.

"ಇದ್ದಾಗಲೂ ಲೇಕ್ ಮೇಲೇ ಇದ್ರಿ" ಎಂಬ ದೂರು ದಿನ ಮತ್ತು ದುಡ್ಡಿಗಿಂತ ಬೇರೆ. ಯಾವ ಎಸೆತಕ್ಕೆ ಮೀನು ಬೀಳುತ್ತದೋ ಗೊತ್ತಿಲ್ಲದ ಆಟ ಇದು. ಯಾವಾಗ ಸಿಗುತ್ತದೆಂದು ಹೇಳಲಾಗದ ಪ್ರತಿಫಲವೇ ಮನಸ್ಸನ್ನು ಅತಿ ಬಿಗಿಯಾಗಿ ಹಿಡಿದಿಡುತ್ತದೆ. ಅದಕ್ಕೇ ಬುಧವಾರ ಊಟದ ಹೊತ್ತಿಗೆ ಗಾಳಿಯ ದಿಕ್ಕು ನೋಡುವುದು, ನೀರಿನ ಮಟ್ಟ ನೋಡುವುದು, ಬೋಟಿನ ಪಕ್ಕದವರೆಗೆ ಬಂದು ತಲೆ ಕೊಡವಿ ಹುಕ್ ಉದುರಿಸಿ ಹೋದ ಮೀನನ್ನು ಮಂಗಳವಾರದವರೆಗೆ ಎಳೆದಾಡುವುದು. "ಇನ್ನು ಮೇಲೆ ಯೋಚಿಸುವುದಿಲ್ಲ" ಎಂಬ ಪ್ರಮಾಣ ಉಳಿಯದು. ಉಳಿಯುವುದು ಜಾಗ ಮತ್ತು ಹೊತ್ತು ಗೊತ್ತುಮಾಡುವುದು. ನಕ್ಷೆ, ಹವಾಮಾನ, ವಿಡಿಯೊ ಎಲ್ಲ ಮಗಳು ಮಲಗಿದ ಮೇಲೆ, ವಾರಕ್ಕೆ ಎರಡು ರಾತ್ರಿ, ಒಂದೊಂದು ಗಂಟೆ. ಫೋನ್ ಊಟದ ಮೇಜಿಗೆ ಬರಬಾರದು. ಸೋತ ದಿನ ದಾರಿಯಲ್ಲೇ ಹತ್ತು ನಿಮಿಷ ನಿಲ್ಲಿಸಿ, ಎಲ್ಲಿ ತಪ್ಪಿತೆಂದು ನೋಟ್‌ಬುಕ್‌ನಲ್ಲಿ ಬರೆದು ಮುಚ್ಚಿ. ಬರೆದಿಟ್ಟದ್ದನ್ನು ಮನಸ್ಸು ಮತ್ತೆ ಮತ್ತೆ ಕೆದಕುವುದು ಕಡಿಮೆ.

ಈಗ ನಿಮಗೆ ಹಿಡಿಸದ ಮಾತು: ಹಿಂದಿನ ವಾರಾಂತ್ಯದ ಪ್ರಾಕ್ಟೀಸ್ ಬಿಟ್ಟುಬಿಡಿ, ಅದರಲ್ಲೂ ಮಾರ್ಚ್–ಏಪ್ರಿಲ್‌ನಲ್ಲಿ. ಮನೆಗಾಗಿ ಮಾಡುವ ತ್ಯಾಗ ಎಂದುಕೊಳ್ಳಬೇಡಿ, ಮೀನಿನ ಲೆಕ್ಕದಲ್ಲೂ ಅದು ಸರಿ. ಆ ಕಾಲದಲ್ಲಿ ಬಾಸ್ ಒಂದೆಡೆ ನಿಲ್ಲುವುದಿಲ್ಲ. ತೊರೆಯ ಬಾಯಿಯ ಆಳದಿಂದ ಒಳಗಿನ ಅಂಚುಗಳಿಗೆ, ಅಲ್ಲಿಂದ ಮೊಟ್ಟೆಯಿಡುವ ತೆಳುನೀರಿಗೆ ಸರಿಯುತ್ತಿರುತ್ತದೆ. ನಡುವೆ ಒಂದು ಶೀತಗಾಳಿ ಬೀಸಿ ನೀರು ನಾಲ್ಕೈದು ಡಿಗ್ರಿ ಇಳಿದರೆ ಮತ್ತೆ ಹಿಂದಕ್ಕೆ. ಹಿಂದಿನ ಭಾನುವಾರ ಗೂಡಿನ ಮೇಲೆ ಕಂಡ ಮೀನು ಮುಂದಿನ ಶನಿವಾರ ಅಲ್ಲೇ ಇರುತ್ತದೆ ಎಂದು ನಂಬಿದವರು ಬೆಳಗಿನ ಎರಡು ತಾಸನ್ನು ಖಾಲಿ ಜಾಗಕ್ಕೆ ಲೂರ್ ಎಸೆಯುತ್ತ ಕಳೆಯುತ್ತಾರೆ. ವಾರ ಹಳೆಯದಾದ ಮಾಹಿತಿ ಕೆಲವೊಮ್ಮೆ ಮಾಹಿತಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಅದನ್ನು ಬಿಡಲು ಮನಸ್ಸು ಬರುವುದಿಲ್ಲ. ಜೂನ್ ಹಾಗಲ್ಲ. ಬೇಸಿಗೆಯಲ್ಲಿ ಆಳದ ಅಂಚುಗಳಲ್ಲಿ, ಮುಳುಗಿಸಿಟ್ಟ ಕೊಂಬೆರಾಶಿಗಳಲ್ಲಿ ನೆಲೆನಿಂತ ಮೀನು ವಾರಗಟ್ಟಲೆ ಕದಲದೆ ಇರಬಹುದು. ಮೊದಲೇ ಹೋಗಿ ಹುಡುಕಿದ್ದಕ್ಕೆ ಫಲ ಸಿಗುವುದು ಆಗ. ಆದ್ದರಿಂದ ಮುಂಚಿನ ವಾರಾಂತ್ಯವನ್ನು ಜೂನ್ ಸ್ಪರ್ಧೆಗೆ ಮಾತ್ರ ಇಟ್ಟುಕೊಳ್ಳಿ. ಉಳಿದವಕ್ಕೆ ಶುಕ್ರವಾರ ಒಂದೇ ದಿನ. ಆ ದಿನ ಇಡೀ ಜಲಾಶಯ ಸುತ್ತಬೇಡಿ. ಮೂರನೇ ಒಂದು ಭಾಗ ಆರಿಸಿ, ಆಳ, ನಡುನೀರು, ದಡ ಮೂರನ್ನೂ ನೋಡಿ, ಮಧ್ಯಾಹ್ನ ಮೂರಕ್ಕೆ ನಿಲ್ಲಿಸಿ. ಹುಕ್ಕಿನ ಮೊನೆ ಕತ್ತರಿಸಿಟ್ಟರೆ ಕಚ್ಚುವುದು ಗೊತ್ತಾಗುತ್ತದೆ, ಮೀನಿಗೆ ಗಾಯವಾಗುವುದಿಲ್ಲ.

ಸರಣಿ ಆರಿಸುವಾಗಲೂ ಬಹುಮಾನದ ಮೊತ್ತಕ್ಕಿಂತ ಮೊದಲು ನಿಯಮಾವಳಿಯಲ್ಲಿ ಪ್ರಾಕ್ಟೀಸ್ ಬಗ್ಗೆ ಏನಿದೆ ಓದಿ. ಕೆಲವು ಸರಣಿಗಳು ಸ್ಪರ್ಧೆಗೆ ಮುಂಚಿನ ಕೆಲವು ದಿನ ಅಥವಾ ವಾರ ಜಲಾಶಯಕ್ಕೆ ಇಳಿಯುವುದನ್ನೇ ನಿಷೇಧಿಸಿ, ನಿಗದಿತ ಪ್ರಾಕ್ಟೀಸ್ ದಿನಗಳನ್ನಷ್ಟೇ ಕೊಡುತ್ತವೆ. ನಿರ್ಬಂಧ ಹೆಚ್ಚಿರುವ ಇಂಥ ಸರಣಿಯೇ ಸಂಸಾರಸ್ಥರಿಗೆ ಅನುಕೂಲ: ಮಕ್ಕಳಿಲ್ಲದ, ವಾರವಿಡೀ ಬಿಡುವಿರುವ ಎದುರಾಳಿಗೂ ನಿಮಗಿರುವಷ್ಟೇ ದಿನ. ಬೇಲಿಯಿಲ್ಲದ ಸರಣಿಯಲ್ಲಿ "ಅವನು ನಾಲ್ಕು ದಿನ ಮೊದಲೇ ಬಂದಿದ್ದಾನೆ" ಎಂಬ ಸುದ್ದಿ ಬಂದ ಕೂಡಲೇ ನಿಮ್ಮ ಒಪ್ಪಂದ ಸಡಿಲವಾಗುತ್ತದೆ.

ಸ್ಪರ್ಧೆಯ ಸ್ವರೂಪವನ್ನೇ ಬದಲಿಸುವುದು ಇನ್ನೊಂದು ದಾರಿ. ನಿಮ್ಮ ಸ್ಥಿತಿಗೆ ಮೊದಲು ಯೋಚಿಸಬೇಕಾದದ್ದು ಕೋ-ಆಂಗ್ಲರ್ ಆಗಿ ಒಂದು ಸೀಸನ್. ಬೇರೆಯವರ ಬೋಟಿನ ಹಿಂಭಾಗದಲ್ಲಿ ನಿಂತು ಹಿಡಿಯುವುದು. ಫೀಸು ಸಾಮಾನ್ಯವಾಗಿ ಅರ್ಧದ ಆಸುಪಾಸು, ಬೋಟ್ ಎಳೆಯುವ, ತೊಳೆಯುವ ಕೆಲಸ ಇಲ್ಲ. ಯಾರ ಜೊತೆ, ಎಲ್ಲಿಗೆ ಎನ್ನುವುದು ಹಿಂದಿನ ಸಂಜೆ ತೀರ್ಮಾನವಾಗುವುದರಿಂದ ಪ್ರಾಕ್ಟೀಸಿಗೆ ಹೆಚ್ಚು ಅರ್ಥವೂ ಇಲ್ಲ. ಎರಡು ವಾರಾಂತ್ಯ ಒಂದೂವರೆ ದಿನಕ್ಕೆ ಇಳಿಯುತ್ತದೆ. ತೊಂದರೆ ಏನೆಂದರೆ, ಮುಂದೆ ನಿಂತವರು ಹೋದ ಕಡೆ ಹೋಗಬೇಕು, ಅವರು ಎಸೆದು ಬಿಟ್ಟ ನೀರಿಗೆ ಎಸೆಯಬೇಕು; ಸ್ವಂತ ಬೋಟಿನ ರುಚಿ ಕಂಡವರಿಗೆ ಇದು ಸುಲಭವಲ್ಲ. ಕಲಿಯುವವರಿಗೆ ಮಾತ್ರ ಇದಕ್ಕಿಂತ ಅಗ್ಗದ ಪಾಠಶಾಲೆ ಇಲ್ಲ.

ಕಯಾಕ್ ಸ್ಪರ್ಧೆಗಳೂ ಇವೆ: ಮೀನನ್ನು ಅಳತೆಹಲಗೆಯ ಮೇಲಿಟ್ಟು ಫೋಟೊ ತೆಗೆದು ಅಲ್ಲೇ ಬಿಡುವುದು, ಉದ್ದದ ಒಟ್ಟು ಇಂಚಿನ ಮೇಲೆ ಸ್ಥಾನ. ಇವುಗಳಲ್ಲಿ ತಿಂಗಳಿಡೀ ನಡೆಯುವ ಆನ್‌ಲೈನ್ ಬಗೆಯದರಲ್ಲಿ ದಿನ ಆರಿಸುವವರು ನೀವೇ, ಡ್ಯಾನ್ಸ್ ಕಾರ್ಯಕ್ರಮ ಇರುವ ಶನಿವಾರ ಸುಮ್ಮನೆ ಬಿಟ್ಟುಬಿಡಬಹುದು. ಆದರೆ ಮಿತಿ ಹಾಕದಿದ್ದರೆ ತಿಂಗಳ ಪ್ರತಿ ಬೆಳಗೂ ಸ್ಪರ್ಧೆಯ ದಿನವಾಗುತ್ತದೆ. ದೊಡ್ಡ ಜಲಾಶಯದಲ್ಲಿ ಗಾಳಿ ಎದ್ದರೆ ಕಯಾಕ್ ಅಪಾಯವೂ ಹೌದು. ಗೆಳೆಯನ ಜೊತೆ ಟೀಮ್ ಆಗಿ ಆಡಿದರೆ ಖರ್ಚು ಅರ್ಧ, ಆದರೆ ನಿಮ್ಮ ಮನೆಯ ಕ್ಯಾಲೆಂಡರ್ ಮೇಲೆ ಮೂರನೆಯವರ ಕೈ ಬೀಳುತ್ತದೆ. ವಾರದ ನಡುವಿನ ಸಂಜೆಯ ಮೂರು ಗಂಟೆಯ ಸ್ಪರ್ಧೆಗಳು ಹತ್ತಿರದ ಕೆರೆಯಲ್ಲಿ ಸಿಕ್ಕರೆ ಒಳ್ಳೆಯದು, ಹಣವೂ ಹೊತ್ತೂ ಕಡಿಮೆ.

ಒಂದು ವರ್ಷ ಪೂರ್ತಿ ಬಿಡುವುದೂ ಮರ್ಯಾದೆಯ ಆಯ್ಕೆಯೇ, ಆದರೆ ಮರಳುವ ತಿಂಗಳನ್ನು ಬರೆದಿಟ್ಟು ಬಿಡಿ. ಕೊನೆಯಿಲ್ಲದ ವಿರಾಮ ಒಳಗೊಳಗೇ ಸಿಟ್ಟಾಗಿ ಕೊಳೆಯುತ್ತದೆ.

"ಅವರನ್ನೂ ಕರೆದುಕೊಂಡು ಹೋಗಿ, ಸರಿಹೋಗುತ್ತೆ" ಎಂದು ಸ್ನೇಹಿತರು ಹೇಳಿರಬಹುದು. ದಂಪತಿಗಳಿಗಾಗಿಯೇ ನಡೆಯುವ ಟೂರ್ನಮೆಂಟ್‌ಗಳಿವೆ, ಅವರಿಗೆ ಆಸಕ್ತಿ ಇದ್ದರೆ ಸೊಗಸು. ಇಲ್ಲದಿದ್ದರೆ ಏನಾಗುತ್ತದೆ? ಬೆಳಗಿನ ನಾಲ್ಕೂವರೆಗೆ ನೀವು ಬಾಗಿಲು ಎಳೆದುಕೊಂಡು ಹೋಗುತ್ತೀರಿ. ಗೊತ್ತಿಲ್ಲದ ಊರಿನ ಮೋಟೆಲ್ ಕೋಣೆಯಲ್ಲಿ, ಐದು ವರ್ಷದ ಮಗುವನ್ನು ಇಟ್ಟುಕೊಂಡು, ಟ್ರಕ್ ಕೂಡ ಇಲ್ಲದೆ ಅವರು ಸಂಜೆ ನಾಲ್ಕರವರೆಗೆ ಕಳೆಯಬೇಕು. ಅದನ್ನು ನೀವು ರಜೆ ಎಂದು ಲೆಕ್ಕ ಬರೆದುಕೊಳ್ಳುತ್ತೀರಿ. ಕರೆದೊಯ್ಯುವುದಾದರೆ ಎರಡನೇ ವಾಹನ, ಅಡುಗೆಮನೆ ಇರುವ ಕ್ಯಾಬಿನ್, ಭಾನುವಾರ ಇಡೀ ದಿನ ಅವರದು. ಆಗಲೂ ಅದು ಟೂರ್ನಮೆಂಟೇ, ಪ್ರವಾಸವಲ್ಲ.

ಅವರ ಸಿಟ್ಟಿನ ಹಿಂದೆ ಹೆದರಿಕೆಯೂ ಇರಬಹುದು, ಕೇಳಿ ನೋಡಿ. ಮುಳುಗಿದ ಮರದ ಬೊಡ್ಡೆಗಳಿರುವ ನೀರಿನಲ್ಲಿ ನಸುಕಿಗೆ ಗಂಟೆಗೆ 60 ಮೈಲಿ ಓಡುವ ಬೋಟು, ಅಲ್ಲಲ್ಲಿ ಸಿಗ್ನಲ್ ಇಲ್ಲ. ಒಬ್ಬರೇ ಪ್ರಾಕ್ಟೀಸಿಗೆ ಹೋಗುವಾಗ ಯಾವ ರ‍್ಯಾಂಪ್, ಯಾವ ತೊರೆ, ಎಷ್ಟು ಹೊತ್ತಿಗೆ ಹೊರಗೆ ಎಂದು ಬರೆದು ಕಳಿಸಿ, ಆ ಹೊತ್ತು ದಾಟಿ ಒಂದು ಗಂಟೆಯಾದರೆ ಯಾರಿಗೆ ಫೋನ್ ಮಾಡಬೇಕೆಂದೂ ಹೇಳಿ. ಕಿಲ್ ಸ್ವಿಚ್ (ಓಡಿಸುವವರು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್) ದಾರವನ್ನು ಮೈಗೆ ಸಿಕ್ಕಿಸಿಕೊಳ್ಳುವುದು 26 ಅಡಿಗಿಂತ ಚಿಕ್ಕ ಬೋಟುಗಳಿಗೆ 2021ರ ಏಪ್ರಿಲ್ 1ರಿಂದ ಕೇಂದ್ರ ಕಾನೂನು. ದೊಡ್ಡ ಎಂಜಿನ್ ಓಡುವಷ್ಟು ಹೊತ್ತೂ ಲೈಫ್ ಜಾಕೆಟ್ ಮೈಮೇಲಿರಲಿ.

ಮಾತುಕತೆಗೆ ಕೂರುವಾಗ ವಾರವಾರ ಅನುಮತಿ ಕೇಳುವ ಪದ್ಧತಿ ನಿಲ್ಲಿಸಿ. ಪ್ರತಿ ಗುರುವಾರ "ಹೋಗಲಾ?" ಎಂದರೆ ಅವರು ಒಂದೋ ಬೇಡವೆನ್ನುವ ಕಾವಲುಗಾರ್ತಿ ಆಗಬೇಕು, ಇಲ್ಲವೇ ಹಲ್ಲುಕಚ್ಚಿ ಹೂಂ ಅನ್ನಬೇಕು. ಇಡೀ ಸೀಸನ್‌ಗೆ ಒಂದೇ ಸಲ, ನೋಂದಣಿಯ ಹಣ ಕಟ್ಟುವ ಮೊದಲು ಕೂತುಕೊಳ್ಳಿ. ಎದುರಿಗೆ ಕ್ಯಾಲೆಂಡರ್ ಮತ್ತು ಖರ್ಚಿನ ಹಾಳೆ ಇರಲಿ. ಮೊದಲ ಪೆನ್ನು ಅವರ ಕೈಗೆ: ಶಾಲೆ, ಹಬ್ಬ, ಹುಟ್ಟುಹಬ್ಬ, ಊರಿನಿಂದ ಹಿರಿಯರು ಬರುವ ವಾರಗಳು, ಅವರ ಸ್ವಂತದ ದಿನಗಳು. ಆ ಚೌಕಗಳಿಗೆ ಕೈ ಹಚ್ಚುವಂತಿಲ್ಲ. ಉಳಿದದ್ದರಲ್ಲಿ ಎಷ್ಟು ಟೂರ್ನಮೆಂಟ್ ಹಿಡಿಸುತ್ತವೋ ಅಷ್ಟು. ನಾಲ್ಕು ಹಿಡಿಸಿದರೆ ನಾಲ್ಕೇ. ಅಂಕಪಟ್ಟಿಯಲ್ಲಿ ಹಿಂದೆ ಬೀಳುತ್ತೀರಿ, ನಿಜ. ನೀವು ದೂರವಿರುವ ಪ್ರತಿ ದಿನಕ್ಕೂ ಅವರಿಗೆ ಅಷ್ಟೇ ಹೊತ್ತು ಅದೇ ಹಾಳೆಯಲ್ಲಿ ಗುರುತಾಗಲಿ. ಆ ದಿನ ಮಗಳ ಸ್ನಾನ, ತಿಂಡಿ, ಬಟ್ಟೆ, ಕ್ಲಾಸು ಪೂರ್ತಿ ನಿಮ್ಮದು. "ಅವಳ ಟಿಫನ್ ಡಬ್ಬ ಎಲ್ಲಿದೆ?" ಎಂದು ಫೋನ್ ಮಾಡಿದರೆ ಅದು ಬಿಡುವಲ್ಲ.

ಒಂದು ಎಚ್ಚರಿಕೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಅವರಿಗೆ ಗೊತ್ತಿಲ್ಲದ ಕ್ರೆಡಿಟ್ ಕಾರ್ಡ್, ರಾಡಿನ ಬೆಲೆಯಲ್ಲಿ ಸುಳ್ಳು, ಉಳಿತಾಯದಿಂದ ತೆಗೆದು ಕಟ್ಟಿದ ಎಂಟ್ರಿ ಫೀ, ಕಳೆದದ್ದನ್ನು ಮರಳಿ ತೆಗೆಯಲೆಂದು ಇನ್ನೊಂದು ಟೂರ್ನಮೆಂಟ್, ಇವುಗಳಲ್ಲಿ ಎರಡು ನಿಮಗೆ ಹೊಂದಿದರೂ ಅದು ಹವ್ಯಾಸದ ಗಡಿ ದಾಟಿ ಜೂಜಿನ ಲಕ್ಷಣಕ್ಕೆ ಬಂದಿದೆ. ಆಗ ಕ್ಯಾಲೆಂಡರ್ ಹಾಳೆಯಿಂದ ಪ್ರಯೋಜನವಿಲ್ಲ, ಆಪ್ತಸಲಹೆಗಾರರನ್ನು ಕಾಣಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಕೊನೆಗೆ ಬೋಟಿನ ಪ್ರಶ್ನೆ. ಜಗಳದ ವಾರದಲ್ಲಿ ಮಾರಿದ ಬೋಟು ಮುಂದಿನ ಹತ್ತು ವರ್ಷ ಪ್ರತಿ ಜಗಳದಲ್ಲೂ ಬಂದು ನಿಲ್ಲುತ್ತದೆ. ಈ ಸೀಸನ್ ಕೋ-ಆಂಗ್ಲರ್ ಆಗಿ ನೋಡಿ. ಬೋಟ್ ಹತ್ತಿರದ ಕೆರೆಗೆ, ಮಗಳ ಜೊತೆ ಅರ್ಧ ದಿನಕ್ಕೆ ಇರಲಿ. ಹೊಸ ಸೋನಾರ್ (ನೀರಿನೊಳಗಿನ ಮೀನು ತೋರಿಸುವ ಸಾಧನ) ಕೊಳ್ಳುವ ಯೋಚನೆ ಇದ್ದರೆ ತಡೆಯಿರಿ, ಮೇಲ್ಮಟ್ಟದ ಸರಣಿಗಳೇ ಮುಂದಕ್ಕೆ ನೋಡುವ ಸೋನಾರ್‌ಗೆ ಮಿತಿ ಹಾಕತೊಡಗಿವೆ. ಸೆಪ್ಟೆಂಬರ್‌ನಲ್ಲಿ ಇಬ್ಬರೂ ಕೂತು, ಬೋಟ್ ಎಷ್ಟು ದಿನ ನೀರಿಗಿಳಿಯಿತು, ಎಷ್ಟು ಖರ್ಚಾಯಿತು ನೋಡಿ. ಮಾರುವುದೆಂದೇ ಆದರೆ ಗಿರಾಕಿಗಳು ಹೆಚ್ಚಿರುವುದು ವಸಂತದ ಆರಂಭದಲ್ಲಿ, ಅಲ್ಲಿಯವರೆಗೆ ಕಾಯಿರಿ. ಅದಕ್ಕೆ ಮೊದಲು ಬ್ಯಾಂಕಿನಿಂದ ಬಾಕಿ ಸಾಲದ ಮೊತ್ತ ತರಿಸಿ ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸಿ. ಬಾಕಿಯೇ ಹೆಚ್ಚಿದ್ದರೆ ವ್ಯತ್ಯಾಸ ಕೈಯಿಂದ ಕಟ್ಟಬೇಕಾಗುತ್ತದೆ. ಟೆಕ್ಸಾಸ್‌ನಲ್ಲಿ ಬೋಟಿಗೊಂದು, ಔಟ್‌ಬೋರ್ಡ್ ಮೋಟರಿಗೊಂದು ಪ್ರತ್ಯೇಕ ಟೈಟಲ್ (ಮಾಲೀಕತ್ವದ ಪತ್ರ) ಇರುತ್ತದೆ, ಟ್ರೇಲರ್ ಕಾಗದ ಬೇರೆಯೇ. ಮೂರರಲ್ಲೂ ಯಾರ ಹೆಸರಿದೆ, ಸಾಲದ ನಮೂದು ಯಾವುದರ ಮೇಲಿದೆ ಎಂದು ಈಗಲೇ ತೆಗೆದು ನೋಡಿಡಿ.